ಪಟ್ಟದ ಗೊಂಬೆಯ ಕಿರೀಟ

ಬ್ಲಫ್, ಮಳವಳ್ಳಿ ತಾಲ್ಲೂಕು
೨೮-೯-೧೯೭೪

ಅಮ್ಮನ ಪಾದಗಳಿಗೆ ಬ್ಲಫ್‌ನಿಂದ ಕನಕಳ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಳಿಯನಿಗೆ ಈ ವಾರ ಪವರ್ ಹೌಸಿನಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಬಂದು ಮಲಗಿದರೆ ಅವರ ಗೊರಕೆಯ ಮುಂದೆ ಇಲ್ಲಿಯ ಜಲಪಾತ ಏನೂ ಅಲ್ಲ.

ತಮ್ಮ ಪಾರ್ಥಸಾರಥಿ ನಿನ್ನ ಗೊಂಬೆಯ ಟ್ರಂಕು ತಂದುಕೊಟ್ಟು ಹೋದ. ಇನ್ನು ಈ ಕೈ ಪಟ್ಟದ ಗೊಂಬೆ ಮುಟ್ಟಬಾರದು, ಕನಕಳೇ ಕೂರಿಸಿಕೊಳ್ಳಲಿ ಎಂದೆಯಂತೆ. ಅಪ್ಪನ ವರ್ಷಾಬ್ದಿಕ ಮುಗಿಯಿತಲ್ಲ, ಈ ನವರಾತ್ರಿಗಾದರೂ ಮಂಡ್ಯದ ಮನೆಯಲ್ಲಿ ಮತ್ತೆ ಗೊಂಬೆ ಕೂರುತ್ತವೆ ಎಂದು ನಾನು ಕಾದಿದ್ದೆ. ಟ್ರಂಕು ನೋಡಿ ಅಳು ಬರುವುದರ ಬದಲು ಸಿಟ್ಟು ಬಂತು. ಬೀಗವನ್ನೂ ತೆಗೆಯದೆ ಅತ್ತೆಯವರ ಮಂಚದ ಕೆಳಗೆ ತಳ್ಳಿಬಿಟ್ಟೆ. ಅತ್ತೆಯವರು ನೋಡಿದರು, ಏನೆಂದು ಕೇಳಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತೇ ಇದೆ. ಮಾವನವರು ಹೋದಾಗಿನಿಂದ ಹೂವು, ಕುಂಕುಮ, ಆರತಿ ಅಂದರೆ ದೂರ. ನಾನು ನನ್ನ ಗೊಂಬೆ ಕೂರಿಸಿದ ದಿನಗಳಲ್ಲಿ ಅಡಿಗೆಮನೆ ಬಿಟ್ಟು ಈಚೆಗೆ ಬರುವುದಿಲ್ಲ.

ಹೋದ ಭಾನುವಾರ ಕಾಲೊನಿಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಮೈಸೂರಿಗೆ ಹೋಗಿದ್ದೆವು. ಯಾವ ಯಾವುದೋ ಸಂಸ್ಥಾನದ ಅರಮನೆಗಳಿಗೆಂದು ಹಿಂದೆ ಮಾಡಿಸಿದ್ದ ರತ್ನದ ಸಾಮಾನುಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಅಮ್ಮ, ನೀನಿರಬೇಕಿತ್ತು! ನವಿಲಿನ ಆಕಾರದ ಪನ್ನೀರುದಾನಿ, ಕತ್ತಿನ ತುಂಬ ನೀಲದ ಹರಳು. ಚಿನ್ನದ ತಾಂಬೂಲದ ಡಬ್ಬಿಯ ಮುಚ್ಚಳದ ಮೇಲೆ ಬಿರಿದ ದಾಳಿಂಬೆ, ಅದರ ಕಾಳೆಲ್ಲ ಮಾಣಿಕ್ಯ. ನನ್ನ ಬಾಯಲ್ಲಿ ನೀರೂರಿತು ಎಂದರೆ ನಗಬೇಡ.

ಒಂದು ಗಾಜಿನ ಪೆಟ್ಟಿಗೆಯ ಮುಂದೆ ಎಲ್ಲರೂ ನಿಂತುಬಿಟ್ಟೆವು. ಗೇಣುದ್ದದ ಚಿನ್ನದ ಆನೆ, ಮೈತುಂಬ ಹರಳು, ಅದರ ಮೇಲೆ ಅಂಬಾರಿ, ಒಳಗೆ ಪುಟ್ಟ ರಾಜ, ರಾಣಿ. ನಮ್ಮ ಪಕ್ಕದ ಮನೆಯ ಪುಟ್ಟಮಾದಮ್ಮ ಚಪ್ಪಲಿ ಬಿಟ್ಟು ಕೈಮುಗಿದು, "ಇದ್ಯಾವ ದ್ಯಾವ್ರು ಕಣವ್ವ?" ಎಂದು ನನ್ನನ್ನು ಕೇಳಿದಳು. ವಿವರಣೆ ಹೇಳುತ್ತಿದ್ದವರು ಇದು ದೇವರಲ್ಲಮ್ಮ, ಅರಮನೆಯ ಮಗುವಿನ ಆಟದ ಸಾಮಾನು ಎಂದರು. "ಮಗ ಆಡಕ್ಕೆ ಇದಾ? ಹಳ್ಳು ಕಿತ್ಕಂಡು ನುಂಗ್‌ಬುಟ್ರೆ ಏನ್ ಗತಿ!" ಎಂದಳು. ಅವರೂ ನಕ್ಕುಬಿಟ್ಟರು.

ಆಮೇಲೆ ಅವರೇ ರಾಣಿಯ ಕಿರೀಟದ ಕಡೆ ಬೆರಳು ತೋರಿಸಿ, ಮುಂದಿನ ಪಚ್ಚೆ ಎಂದೋ ಬಿದ್ದುಹೋಗಿ ಆ ಜಾಗಕ್ಕೆ ಹಸಿರು ಗಾಜು ಕೂರಿಸಿದ್ದಾರೆ ಎಂದರು. ಎಲ್ಲರೂ ಅಯ್ಯೋ ಎಂದರು. ನಾನು ಮಾತ್ರ ಆ ಗಾಜನ್ನೇ ನೋಡುತ್ತ ನಿಂತೆ. ನಮ್ಮ ಪಟ್ಟದ ರಾಣಿಗೆ ನೀನು ಮಾಡಿದಂಥ ಕಿರೀಟವೇ ಅದು, ಅಮ್ಮ. ಮದುವೆಯ ಕರೆಯೋಲೆಯ ದಪ್ಪ ಕಾಗದ ಕತ್ತರಿಸಿ, ಹಳೆಯ ಸೀರೆಯ ಜರಿ ಸುತ್ತಿ, ನನ್ನ ಒಡೆದ ಬಳೆಯ ಚೂರುಗಳನ್ನು ಕಲ್ಲಿನ ಮೇಲೆ ತೇಯ್ದು ತೇಯ್ದು ಮೈದಾ ಅಂಟಿನಲ್ಲಿ ಕೂರಿಸುತ್ತಿದ್ದೆಯಲ್ಲ! ಬಳೆ ಒಡೆದುಕೊಂಡು ಬಂದರೆ ನೀನು ಬೈದದ್ದೇ ಇಲ್ಲ, ರಾಣಿಗೆ ಪಚ್ಚೆ ಸಿಕ್ಕಿತು ಎನ್ನುತ್ತಿದ್ದೆ. ಮೇಷ್ಟರ ಮನೆಯ ಹುಡುಗಿಗೆ ಅರಮನೆಯ ಮಗುವಿಗಿಂತ ಏನೂ ಕಡಿಮೆ ಮಾಡಲಿಲ್ಲ ನೀನು. ಇದನ್ನು ಯಾವತ್ತೂ ನಿನಗೆ ಹೇಳಿರಲಿಲ್ಲ, ಹೇಳಬೇಕೆನ್ನಿಸಿತು.

ಮನೆಗೆ ಬಂದವಳೇ ಟ್ರಂಕು ಎಳೆದು ತೆರೆದೆ. ಕಿರೀಟದ ಅಂಟನ್ನು ಹುಳ ತಿಂದು ಚೂರುಗಳೆಲ್ಲ ಉದುರಿವೆ. ನನ್ನಿಂದ ಆಗುವ ಕೆಲಸ ಅಲ್ಲ. ರಾಜನ ಪೇಟವಂತೂ ನಾನು ಕಟ್ಟಿದರೆ ಪಾಪ, ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡವನ ಹಾಗೆ ಕಾಣುತ್ತಾನೆ.

ಆದ್ದರಿಂದ ನೀನು ಬರಬೇಕು. ಮಹಾಲಯ ಅಮಾವಾಸ್ಯೆಯ ತರ್ಪಣ ಮುಗಿದ ಸಂಜೆಯೇ ಪಾರ್ಥಸಾರಥಿ ಮಳವಳ್ಳಿಯ ಬಸ್ಸು ಹತ್ತಿಸಲಿ, ಅಲ್ಲಿಂದ ಇವರು ಕರೆದುಕೊಂಡು ಬರುತ್ತಾರೆ. ಪಾಡ್ಯದ ದಿನ ನಿನ್ನ ಕೈಯಿಂದಲೇ ಪಟ್ಟದ ಗೊಂಬೆ ಕೂರಬೇಕು. ಬಾಗಿಲಾಚೆ ಕೂತು ಹೇಳಿಕೊಡುತ್ತೇನೆ ಎನ್ನುವ ಹಾಗಿದ್ದರೆ ಬರಲೇಬೇಡ. ಆ ಕಿರೀಟ ಮಾಡಿದ ಕೈ ಅಪ್ಪ ಹೋದ ತಕ್ಷಣ ಕೆಟ್ಟ ಕೈ ಆಗಿಬಿಟ್ಟಿತೆಂದರೆ ನಾನು ಒಪ್ಪುವುದಿಲ್ಲ.

ಆದರೆ ಇದು ಅತ್ತೆಯವರ ಮನೆ. ಅವರು ಬೇಡವೆಂದರೆ ಇಲ್ಲ. ಅವರನ್ನು ಬಾಯಿ ಬಿಟ್ಟು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಎಂದಿನಂತೆ ಅವರು ನಿನಗೆ ಕುಶಲ ಬರೆಯಲೆಂದು ಕೊನೆಯಲ್ಲಿ ಜಾಗ ಬಿಟ್ಟು ಕಾಗದವನ್ನು ಅವರ ಕೈಗೇ ಕೊಡುತ್ತಿದ್ದೇನೆ. ಮೇಲಿನದನ್ನೆಲ್ಲ ಓದದೆ ಅವರು ಬರೆಯುವುದಿಲ್ಲ. ಓದಲಿ.

ನಿನ್ನ ಮಗಳು
ಕನಕಲಕ್ಷ್ಮಿ

ಬೀಗಿತ್ತಿಯವರಾದ ಪಂಕಜಮ್ಮನವರಿಗೆ ತಿರುಮಲಮ್ಮ ಬರೆಯುವುದು. ಹುಡುಗಿ ಬಿಟ್ಟ ಜಾಗ ಸಾಲದು, ಅಂಚಿನಲ್ಲೂ ಬರೆದಿದ್ದೇನೆ, ತಿರುಗಿಸಿ ಓದಿಕೊಳ್ಳಿ. ಇವಳು ನಿಮ್ಮ ಟ್ರಂಕು ತಳ್ಳಿದ ಜಾಗದಲ್ಲಿ ನನ್ನದೂ ಒಂದಿದೆ. ಹಳೇ ಪಾತ್ರೆ ಎಂದುಕೊಂಡಿದ್ದಾಳೆ. ನಮ್ಮವರು ತೀರಿಕೊಂಡ ವರ್ಷ ನಾನೇ ಬೀಗ ಹಾಕಿದೆ. ತೆಗಿ ಎಂದು ಯಾರೂ ನನಗೆ ಹೇಳಲಿಲ್ಲ. ನಿಮಗೆ ಹೇಳುವ ಮಗಳಿದ್ದಾಳೆ, ಸುಮ್ಮನೆ ಬನ್ನಿ. ಪೇಟ ಕಟ್ಟಲು ನನಗೆ ಬರುತ್ತದೆ, ಕಿರೀಟ ನೀವು ನೋಡಿಕೊಳ್ಳಿ. ಬರುವಾಗ ಹಸಿರು ಬಳೆಯ ಚೂರು ಸ್ವಲ್ಪ ಹೆಚ್ಚಾಗಿಯೇ ತನ್ನಿ. ಈಗ ತಾನೇ ಬೀಗ ತೆಗೆದು ನೋಡಿದೆ, ನನ್ನ ರಾಣಿಯೂ ಬರಿತಲೆಯಲ್ಲಿದ್ದಾಳೆ.