ಕೂಪನ್ ಬೀಗರು

ಆರ್.ಟಿ. ನಗರ, ಬೆಂಗಳೂರು
೧೪-೮-೧೯೮೪

ಜಯಾಳ ಅಪ್ಪನವರಿಗೆ ಕೃಷ್ಣವೇಣಿ ಮಾಡುವ ನಮಸ್ಕಾರಗಳು.

ನಾನೂ ಜಯಾಳೂ ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಹೊಟ್ಟೆ ಈಗ ಹೇಗಿದೆ? ರಾಯಚೂರಿನ ಮೆಸ್ಸಿನ ಖಾರ ತಡೆಯಲಾಗುತ್ತಿಲ್ಲ ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ಊಟದ ಕೊನೆಗೆ ಮಜ್ಜಿಗೆ ಸಿಕ್ಕರೆ ಬಿಡಬೇಡಿ, ನೀರನ್ನು ಕಾಯಿಸಿ ಕುಡಿಯಿರಿ. ನಾನು ಕಳಿಸಿದ ಮೆಂತ್ಯದ ಹಿಟ್ಟು ಹಾಗೇ ಡಬ್ಬದಲ್ಲಿ ಕೂತಿದೆ ಎಂದು ನನಗೆ ಗೊತ್ತು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತಿನ್ನಿ. ವರಮಹಾಲಕ್ಷ್ಮಿ ಹಬ್ಬ ಚೆನ್ನಾಗಿ ಆಯಿತು. ಹೂವಿನ ಅಕ್ಕಯ್ಯಮ್ಮ ತಾವರೆಗೆ ಚಿನ್ನದ ಬೆಲೆ ಹೇಳಿದಳು, ನಾನು ಸೇವಂತಿಗೆಯಲ್ಲೇ ದೇವಿಯನ್ನು ಒಪ್ಪಿಸಿದೆ. ನೀವಿಲ್ಲದೆ ಕಳಶ ಇಡುವಾಗ ಬೇಜಾರಾಯಿತು, ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಹುಡುಗ ಒಳ್ಳೆಯ ಕೆಲಸದಲ್ಲಿದ್ದಾನೆ, ವರದಕ್ಷಿಣೆ ಬೇಡ ಎನ್ನುತ್ತಾರೆ, ಲಕ್ಷ್ಮೀಪತಿಯ ಚಿಕ್ಕಪ್ಪನ ಮಗನ ಮನೆ, ಅವರು ಹೆಣ್ಣು ನೋಡಿಕೊಂಡು ಹೋದ ಮೇಲೆ ನೀನೇ ಹೂಂ ಅಂದುಬಿಡು ಎಂದು ನೀವು ಬರೆದಿದ್ದಿರಿ. ಹೋದ ಭಾನುವಾರ ಅವರು ಬಂದು ಹೋದರು. ನಾನು ಹೂಂ ಅಂದಿಲ್ಲ, ಅನ್ನುವುದೂ ಇಲ್ಲ. ಜಯಾ ಮಾತ್ರ ಅಪ್ಪ ಒಪ್ಪಿದರೆ ನನಗೂ ಒಪ್ಪಿಗೆ ಎಂದು ಕೂತಿದ್ದಾಳೆ. ನೀವು ಗೋಣು ಆಡಿಸಿದರೆ ಅವಳ ಬಾಳು ಆ ಮನೆಗೆ ಬಿದ್ದ ಹಾಗೆ. ಅದಕ್ಕೇ ಅಲ್ಲಿಂದ ಮಾತು ಕೊಡುವ ಮೊದಲು ಈ ಕಾಗದ ಪೂರ್ತಿ ಓದಿ. ಲಕ್ಷ್ಮೀಪತಿಯವರು ನಿಮ್ಮ ರೂಮಿನಲ್ಲೇ ಇರುವವರಲ್ಲವೇ, ಅವರಿಗೂ ಓದಿ ಹೇಳಿ. ನನಗೇನೂ ಸಂಕೋಚವಿಲ್ಲ.

ಬಂದವರು ಮೂವರು. ಹುಡುಗನ ಅಪ್ಪ ಸೇತುರಾಮಯ್ಯ, ತಾಯಿ ಪುಟ್ಟಲಕ್ಷ್ಮಮ್ಮ, ಹುಡುಗ ಉಪೇಂದ್ರ. ಸೇತುರಾಮಯ್ಯನವರ ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗಿತ್ತು. ಜಾತಕವೋ ಫೋಟೋವೋ ಇರಬೇಕು ಎಂದುಕೊಂಡೆ. ಕಾಲು ತೊಳೆಯಲು ಬಚ್ಚಲಿಗೆ ಹೋದ ಮನುಷ್ಯ ಎಷ್ಟು ಹೊತ್ತಾದರೂ ಬರಲಿಲ್ಲ. ಜಾರಿ ಬಿದ್ದರೇನೋ ಎಂದು ನನಗೆ ಗಾಬರಿ. ಕೊನೆಗೆ ಹೊರಗೆ ಬಂದರು, ಕೈಯಲ್ಲಿ ನಾವು ಬಿಸಾಡಿದ ಮೈಸೋಪಿನ ಒದ್ದೆ ಕಾಗದ! ಅದನ್ನು ಮೊಣಕಾಲ ಮೇಲೆ ಹರವಿ, ಪಂಚೆಯ ತುದಿಯಿಂದ ಒತ್ತಿ ಒರೆಸುತ್ತಾ, ಇಂಥ ಐದು ಕಾಗದ ಕಳಿಸಿದರೆ ಒಂದು ಸ್ಟೀಲ್ ಚಮಚ ಬರುತ್ತದೆ, ನಿಮ್ಮ ಮನೆಯಲ್ಲಿ ಇದನ್ನೆಲ್ಲಾ ಬಚ್ಚಲಿಗೆ ಹಾಕುತ್ತೀರಲ್ಲಾ ಎಂದು ನನಗೇ ಬುದ್ಧಿ ಹೇಳಿದರು. ಹೆಣ್ಣು ನೋಡಲು ಬಂದವರು ಮೊದಲು ನೋಡಿದ್ದು ನಮ್ಮ ಬಚ್ಚಲಿನ ಕಸ. ಆ ಕಾಗದವನ್ನು ಕೇಳದೆ ಬ್ಯಾಗಿಗೆ ಹಾಕಿಕೊಂಡರು ಎಂಬುದನ್ನೂ ಲಕ್ಷ್ಮೀಪತಿಯವರಿಗೆ ತಿಳಿಸಿ.

ಆಮೇಲೆ ಬ್ಯಾಗ್ ತೆರೆದರು. ಜಾತಕವಲ್ಲ ರೀ, ಕೂಪನ್ನುಗಳು. ಸೋಪಿನ ಪುಡಿಯದು, ಟೀ ಪುಡಿಯದು, ಸೇಮಿಗೆಯದು, ಊದುಬತ್ತಿಯದು, ಜಾತಿಜಾತಿಯಾಗಿ ರಬ್ಬರ್ ಹಾಕಿದ ಕಟ್ಟುಗಳು. ಎಲ್ಲವನ್ನೂ ಟೀಪಾಯಿಯ ಮೇಲೆ ಹರಡಿ ಒಂದೊಂದರ ಮಹಿಮೆ ಹೇಳತೊಡಗಿದರು. ಆ ಹೊತ್ತಿಗೆ ಸರಿಯಾಗಿ ಜಯಾ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಬಂದಳು. ಹಸಿರು ಮೈಸೂರು ಸಿಲ್ಕ್ ಸೀರೆ, ನೀವು ಹೋದ ದೀಪಾವಳಿಗೆ ತಂದದ್ದು. ಮಗು ಎಷ್ಟು ಚೆನ್ನಾಗಿ ಕಾಣುತ್ತಿದ್ದಳು ಎಂದರೆ ನನ್ನ ಕಣ್ಣೇ ತಾಗೀತು ಎನಿಸಿತು. ತಟ್ಟೆ ಇಡಲು ಜಾಗವಿಲ್ಲ. ಈ ಮಹಾರಾಯರು ತಲೆ ಎತ್ತಿ ಅವಳ ಮುಖ ನೋಡಲಿಲ್ಲ. "ಒಂದ್ನಿಮಿಷ ತಡಿಯಮ್ಮ, ಫ್ಯಾನ್ ಆರ್ಸು, ಎಲ್ಲಾ ಹಾರ್ಹೋಗುತ್ತೆ" ಎಂದರು. ಎರಡೂ ಕೈಯಲ್ಲಿ ತಟ್ಟೆ ಹಿಡಿದವಳು ಫ್ಯಾನ್ ಆರಿಸುವುದು ಹೇಗೆ? ನಾನೇ ಎದ್ದು ಆರಿಸಿದೆ. ಕೂಪನ್ನು ಕಟ್ಟುವವರೆಗೆ ನಮ್ಮ ಮಗಳು ಬೆವರುತ್ತಾ ನಿಂತಿದ್ದಳು. ನಿಮ್ಮ ಕಣ್ಣಿಗೆ ಬಿದ್ದಿದ್ದರೆ ನೀವೂ ಸುಮ್ಮನಿರುತ್ತಿರಲಿಲ್ಲ.

ನನಗೆ ಕೂಪನ್ ಎಂದರೆ ಆಗುವುದಿಲ್ಲ ಎಂದು ಅವರು ಹೇಳಿಕೊಂಡು ತಿರುಗಬಾರದು. ನಮ್ಮ ಅಡುಗೆಮನೆಯ ಎರಡು ಸ್ಟೀಲ್ ಡಬ್ಬಗಳು ಟೀ ಪುಡಿಯ ಕೂಪನ್ನಿನಿಂದಲೇ ಬಂದದ್ದು, ನಿಮಗೂ ಗೊತ್ತು. ಆದರೆ ಆ ಪುಡಿ ನಾವು ಮೊದಲಿಂದ ತರುತ್ತಿದ್ದ ಪುಡಿ, ತರುತ್ತಿದ್ದಷ್ಟೇ ತಂದೆವು, ಡಬ್ಬ ತಾನಾಗಿ ಬಂತು. ಮನೆಗೆ ಬೇಕಾದ ಸಾಮಾನಿಗೆ ಕೂಪನ್ ಸಿಕ್ಕರೆ ಕತ್ತರಿಸಿ ಇಟ್ಟುಕೊಳ್ಳಬೇಕು, ಬೇಡದ ಸಾಮಾನನ್ನು ಕೂಪನ್ನಿಗಾಗಿ ತರಬಾರದು, ಅದೇ ಮಾಲು ಬಿಡಿಯಾಗಿ ಕೊಂಡರೆ ಎಷ್ಟು ಎಂದು ಶೆಟ್ಟರ ಅಂಗಡಿಯಲ್ಲಿ ಒಂದು ಮಾತು ಕೇಳಬೇಕು. ಇಷ್ಟು ತಿಳಿದುಕೊಳ್ಳಲು ಯಾವ ಪಾಂಡಿತ್ಯ ಬೇಕು? ಸೇತುರಾಮಯ್ಯನವರ ಮನೆಯಲ್ಲಿ ಮಂಚದ ಕೆಳಗೆಲ್ಲಾ ಬಟ್ಟೆ ಸೋಪಂತೆ, ಅಟ್ಟದ ತುಂಬಾ ಸೇಮಿಗೆಯಂತೆ. ಹುಳು ಬೀಳುವುದಿಲ್ಲವೇ ಎಂದೆ. ಬಿಸಿಲಿಗೆ ಹಾಕಿದರೆ ಹೋಗುತ್ತವೆ ಎಂದರು. ಬಹುಮಾನವಾಗಿ ಬಂದ ಪ್ಲಾಸ್ಟಿಕ್ ಮಗ್ಗುಗಳು ಎಷ್ಟಿವೆಯೆಂದರೆ ಇಡಲು ಜಾಗವಿಲ್ಲವಂತೆ. ಹೇಳುವಾಗ ಆ ಮುಖದಲ್ಲಿ ಗಂಗೆಯಲ್ಲಿ ಮಿಂದು ಬಂದವರ ಸಂತೋಷ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಇಷ್ಟು ದಿನ ಬರೀ ಬಾಯಲ್ಲಿ ಹೇಳುತ್ತಿದ್ದೆ, ಭಾನುವಾರ ಕಣ್ಣಾರೆ ಕಂಡೆ.

ಇನ್ನು ಅವರ ವರದಕ್ಷಿಣೆ ವಿರೋಧದ ಕಥೆ ಕೇಳಿ. ಯಶವಂತಪುರದಲ್ಲಿ ಒಂದು ಹೊಸ ದೊಡ್ಡ ದಿನಸಿ ಅಂಗಡಿ ಆಗಿದೆಯಂತೆ. ಅಲ್ಲಿ ಕೊಂಡಷ್ಟಕ್ಕೂ ಕೂಪನ್ ಕೊಡುತ್ತಾರೆ. ಸ್ವಲ್ಪ ಸೇರಿದರೆ ಬಕೆಟ್ಟು, ಇನ್ನಷ್ಟು ಸೇರಿದರೆ ಕುಕ್ಕರು, ರಾಶಿ ಸೇರಿದರೆ ಟೀವಿ. "ನೋಡಿ ತಾಯಿ, ನಾವು ಒಂದು ಕಾಸೂ ಮುಟ್ಟೋ ಜನ ಅಲ್ಲ. ಮದುವೆ ಸಾಮಾನು ನೀವು ಹೇಗಿದ್ರೂ ತಗೊಳ್ಳಲೇಬೇಕು. ಆ ಅಂಗಡೀಲೇ ತಗೊಳ್ಳಿ, ಕೂಪನ್ ಮಾತ್ರ ನಮಗೆ ಕೊಟ್ಬಿಡಿ. ನಿಮಗೇನು ನಷ್ಟ?" ಎಂದರು. ಮಾತು ಅಲ್ಲಿಗೂ ನಿಲ್ಲಲಿಲ್ಲ. ಒಂದು ದಿನದ ಮದುವೆಯಾದರೆ ಟೀವಿಗೆ ಕೂಪನ್ ಸಾಲುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದಾರೆ. ಅದಕ್ಕೆ ವರಪೂಜೆ ದಿನ ರಾತ್ರಿ ದೊಡ್ಡ ಊಟ ಹಾಕಬೇಕಂತೆ, ಮದುವೆಯ ಮಾರನೆ ದಿನ ಸತ್ಯನಾರಾಯಣ ಪೂಜೆ ಮಾಡಿಸಿ ಮತ್ತೆ ಊಟ ಹಾಕಬೇಕಂತೆ, ಸಜ್ಜಿಗೆಗೆ ಸಕ್ಕರೆ ತುಪ್ಪ ಚೆನ್ನಾಗಿ ಖರ್ಚಾಗುತ್ತದಂತೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ! ನೇರವಾಗಿ ಟೀವಿ ಕೊಡಿ ಎಂದು ಕೇಳಿದ್ದರೆ ಆ ಮನುಷ್ಯನಿಗೆ ಆಸೆಯಿದೆ ಎಂದಾದರೂ ಅಂದುಕೊಳ್ಳುತ್ತಿದ್ದೆ. ದೇವರ ಪ್ರಸಾದದಲ್ಲಿ ಟೀವಿ ಹುಡುಕುವವರಿಗೆ ಏನೆನ್ನಬೇಕು?

ನಾನು ಸುಮ್ಮನೆ ಬಾಯಿಗೆ ಬಂದದ್ದು ಬರೆಯುತ್ತಿದ್ದೇನೆ ಎಂದು ನಿಮಗೆ ಅನಿಸಬಾರದು ಎಂದು ನಿನ್ನೆ ಬಸ್ಸು ಹತ್ತಿ ಯಶವಂತಪುರಕ್ಕೆ ಹೋಗಿ ಆ ಅಂಗಡಿಯನ್ನೂ ನೋಡಿಬಂದೆ. ಗಾಜಿನ ಬಾಗಿಲು, ಒಳಗೆ ಕೆಂಪು ರಿಬ್ಬನ್ ಕಟ್ಟಿದ ಟೀವಿ, ಅದಕ್ಕೊಂದು ಹೂವಿನ ಹಾರ. ಸಕ್ಕರೆ, ತುಪ್ಪ, ತೊಗರಿಬೇಳೆ ಮೂರರ ಬೆಲೆಯನ್ನೂ ವಿಚಾರಿಸಿದೆ. ನಮ್ಮ ಶೆಟ್ಟರಿಗಿಂತ ಎಲ್ಲವೂ ಜಾಸ್ತಿ, ಬೇಳೆಯಲ್ಲಿ ಕಲ್ಲು ಬೇರೆ. ಟೀವಿಯ ದುಡ್ಡು ಬೇಳೆಯಲ್ಲೇ ಬರುತ್ತದೆ ಎನ್ನುವುದು ಮೂರನೇ ಕ್ಲಾಸು ಓದಿದವರಿಗೂ ತಿಳಿಯುತ್ತದೆ. ಸೇತುರಾಮಯ್ಯನವರು ಬಿ.ಎ. ಪಾಸಂತೆ.

ಹುಡುಗನ ಬಗ್ಗೆ ನೀವು ಕೇಳುತ್ತೀರಿ. ಬರೆಯಲು ಏನಾದರೂ ಇದ್ದರೆ ತಾನೇ? ಮೈಕಟ್ಟು ಚೆನ್ನಾಗಿದೆ, ಬಣ್ಣ ಇದೆ, ಬಾಯಿ ಮಾತ್ರ ಅಪ್ಪನ ಹತ್ತಿರ ಇದೆ. ಸಂಬಳ ಎಷ್ಟು ಎಂದರೆ ಅಪ್ಪ ಹೇಳಿದರು. ಯಾವ ಅಡುಗೆ ಇಷ್ಟ ಎಂದರೆ ಅಪ್ಪ ಹೇಳಿದರು. ಇನ್ನೊಂದು ಚೂರು ಕೇಸರಿಬಾತು ಹಾಕಲೇ ಎಂದು ಜಯಾ ಕೇಳಿದಾಗಲೂ ಅಪ್ಪನ ಮುಖ ನೋಡಿ ಆಮೇಲೆ ತಟ್ಟೆ ಚಾಚಿದ. ಇವನನ್ನು ಗಂಡ ಎಂದು ಕಟ್ಟಿಕೊಂಡು ನಮ್ಮ ಮಗಳು ತಲೆನೋವಿನ ಮಾತ್ರೆ ಬೇಕಾದರೂ ಮಾವನ ಅಪ್ಪಣೆಗೆ ಕಾಯಬೇಕು. ಅವನ ತಾಯಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಗಂಡ ಹೇಳಿದ್ದಕ್ಕೆಲ್ಲಾ ತಲೆಯಾಡಿಸುತ್ತಾ ಕೂತಿದ್ದರು, ಇಡೀ ಹೊತ್ತು ಬಾಯಿಬಿಡಲಿಲ್ಲ. ಅವರ ಮನೆಯಲ್ಲಿ ಗೋಡೆಗೂ ಹೆಂಗಸಿಗೂ ವ್ಯತ್ಯಾಸವಿಲ್ಲ ಎಂದು ಕಾಣುತ್ತದೆ.

ಹೊರಡುವಾಗ ಸೇತುರಾಮಯ್ಯನವರು ಶ್ರಾವಣದೊಳಗೇ ಉತ್ತರ ಬೇಕು, ಟೀವಿ ಸ್ಕೀಮಿಗೆ ಗಡುವು ಇದೆ ಎಂದರು. ಮುಹೂರ್ತಕ್ಕೆ ಗಡುವಿರುವುದು ಕೇಳಿದ್ದೆ, ಹೀಗೂ ಒಂದು ಇದೆ ಎಂದು ತಿಳಿಯಿತು. ಉತ್ತರ ಇಷ್ಟೇ: ನಮಗೆ ಈ ಸಂಬಂಧ ಬೇಡ. ಕಾರಣ ಕೇಳಿದರೆ ಹೆಂಡತಿಗೆ ಗರ್ವ, ಬಾಯಿ ಜೋರು, ನಿಮ್ಮ ಕೂಪನ್ನುಗಳನ್ನು ಕಂಡು ನಕ್ಕಳು, ಅವಳು ಒಪ್ಪುತ್ತಿಲ್ಲ ಎಂದು ಧಾರಾಳವಾಗಿ ಹೇಳಿ. ಲಕ್ಷ್ಮೀಪತಿಯವರಿಗೆ ಸಿಟ್ಟು ಬಂದರೆ ಬರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನಾವು ಅಡಿಕೆಗಿಂತ ಚಿಕ್ಕದಕ್ಕೆ ಮಾನ ಕೊಡುವ ಜನವಲ್ಲ.

ಆರೋಗ್ಯ ನೋಡಿಕೊಳ್ಳಿ. ರಜೆ ಸಿಕ್ಕರೆ ಗೌರಿ ಹಬ್ಬಕ್ಕೆ ಬನ್ನಿ, ಜಯಾ ನಿಮ್ಮನ್ನು ತುಂಬಾ ನೆನೆಸುತ್ತಾಳೆ. ಅವಳ ನಮಸ್ಕಾರಗಳು. ಲಕ್ಷ್ಮೀಪತಿಯವರಿಗೂ ನನ್ನ ನಮಸ್ಕಾರ ತಿಳಿಸಿ, ಅವರು ಸ್ವೀಕರಿಸಿದರೆ.

ಇಂತಿ ನಿಮ್ಮ
ಕೃಷ್ಣವೇಣಿ

ವಿ.ಸೂ.: ಈ ಚೀಟಿಯನ್ನು ಬೇರೆ ಮಡಿಸಿ ಲಕೋಟೆಯೊಳಗೆ ಇಟ್ಟಿದ್ದೇನೆ. ಇದನ್ನು ಯಾರಿಗೂ ತೋರಿಸಬೇಡಿ, ಓದಿದ ಕೂಡಲೇ ಹರಿದುಹಾಕಿ. ಪುಟ್ಟಲಕ್ಷ್ಮಮ್ಮ ಬಾಯಿಬಿಡಲಿಲ್ಲ ಎಂದು ಬರೆದದ್ದು ಸುಳ್ಳು. ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ನಿಮ್ಮ ಹುಡುಗೀನ ನಮ್ಮನೆಗೆ ಕೊಡ್ಬೇಡಿ ಕಣ್ರೀ. ಹಾಲಿಗೆ ಕೂಪನ್ ಬರಲ್ಲ ಅಂತ ಬಸುರಿಗೂ ಹಾಲು ತರಿಸ್ಲಿಲ್ಲ. ಇದ್ದ ದುಡ್ಡೆಲ್ಲಾ ಸೋಪಿಗೆ ಸುರಿದ್ರು. ನನ್ನ ಹಿರೀ ಸೊಸೆ ಮಗು ಕಳ್ಕೊಂಡು ತೌರಿಗೆ ಹೋದೋಳು ಮತ್ತೆ ಬರ್ಲಿಲ್ಲ" ಎಂದರು. ಹೊರಗೆ ಗಂಡ ಕೂಪನ್ನಿನ ಮಾತಾಡುವುದು ಕೇಳಿಸುತ್ತಲೇ ಇತ್ತು. ಹಿರಿಯ ಸೊಸೆ ಒಬ್ಬಳು ಇದ್ದಳು ಎಂದೇ ಲಕ್ಷ್ಮೀಪತಿಯವರು ನಿಮಗೆ ಹೇಳಿಲ್ಲ ಅಲ್ಲವೇ? ನೀವು ಅವಳ ಸುದ್ದಿ ಎತ್ತಬೇಡಿ. ಎತ್ತಿದರೆ ಯಾರು ಹೇಳಿದ್ದು ಎಂದು ಸೇತುರಾಮಯ್ಯನವರಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಅದಕ್ಕೇ ದೊಡ್ಡ ಕಾಗದದಲ್ಲಿ ಅಷ್ಟೆಲ್ಲಾ ಜರೆದಿದ್ದೇನೆ, ಆಕೆಯನ್ನೂ ಸೇರಿಸಿ. ಅದರಲ್ಲಿ ಒಂದು ಮಾತನ್ನೂ ಬಿಡದೆ ಲಕ್ಷ್ಮೀಪತಿಯವರಿಗೆ ಓದಿ ಹೇಳಿ, ಅವರು ಹಾಗೇ ಅಲ್ಲಿಗೆ ಮುಟ್ಟಿಸುತ್ತಾರೆ. ಬೈಗುಳ ನನಗೆ ಬರಲಿ. ಹೊರಗಿನಿಂದ ಗಂಡ ಕೂಗಿದ ತಕ್ಷಣ ಪುಟ್ಟಲಕ್ಷ್ಮಮ್ಮ ಅರ್ಧ ಕಾಫಿ ಅಲ್ಲೇ ಬಿಟ್ಟು ಸೆರಗು ಸರಿಮಾಡಿಕೊಂಡು ಹೋದರು. ನಮ್ಮ ಮಗಳನ್ನು ಉಳಿಸಿಕೊಟ್ಟು ತಾವು ಆ ಮನುಷ್ಯನ ಹಿಂದೆ ಬಸ್ಸು ಹತ್ತಿದರು.