ಹೌದು ಸಾಹೇಬ್

ಸುಗಟೂರು,
೯-೨-೧೯೪೭

ಸೌಭಾಗ್ಯವತಿ ತಂಗಿ ಭಾರತಮ್ಮನಿಗೆ ಅಕ್ಕ ಮುನಿಶಾಮಮ್ಮ ಮನಸಾರೆ ಹರಸಿ ಬರೆಯುವುದು. ಮಾಸ್ತಿಯಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವಂತೂ ಈಗ ತಲೆಯೆತ್ತಿ ಓಡಾಡುತ್ತಿದ್ದೇವೆ. ನಿನ್ನ ಭಾವನ ಅಪೀಲು ಗೆದ್ದಿತು ಕಣೇ.

ಬರ್ಮಾದಲ್ಲಿ ಫಿರಂಗಿಯ ಪಕ್ಕ ನಿಂತು ನಿಂತು ಅವರ ಕಿವಿ ಹೋದದ್ದು ನಿನಗೆ ಗೊತ್ತು. ಸರ್ಕಾರ ಮಾತ್ರ, ಕಿವುಡು ಮೊದಲೇ ಇತ್ತು, ಮುಚ್ಚಿಟ್ಟು ಸೈನ್ಯ ಸೇರಿದ್ದಾರೆ ಎಂದು ಪಿಂಚಣಿಯ ಅರ್ಜಿಯನ್ನು ತಳ್ಳಿಹಾಕಿತ್ತು. ಪಿಂಚಣಿ ಹೋದರೆ ಹೋಗಲಿ, ಸುಳ್ಳುಗಾರ ಅನ್ನಿಸಿಕೊಂಡೆನಲ್ಲ ಎಂದು ಅವರು ಆರು ತಿಂಗಳು ಊರಿನವರ ಮುಖ ನೋಡಲಿಲ್ಲ.

ಮೊನ್ನೆ ಕೋಲಾರದ ಬಂಗಲೆಯಲ್ಲಿ ಅಪೀಲು ಕೇಳುವವರು ಮೂವರು ಕುಳಿತಿದ್ದರು. ನಾನೂ ಜೊತೆಗೆ ಹೋಗಿದ್ದೆ. ಮದುವೆಯಾದ ಹೊಸದರಲ್ಲಿ ಇವರು ಹುಳುಮನೆಯ ಹೊರಗೆ ನಿಂತೇ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಕೇಳಿ, ಸೊಪ್ಪು ಸಾಲದು ಅನ್ನುತ್ತಿದ್ದರು ಎಂದು ಹೇಳಿದೆ. ಅಧ್ಯಕ್ಷರು ನಕ್ಕು, ಹುಳುವಿನ ಸಾಕ್ಷಿ ಇಲ್ಲಿ ನಡೆಯುವುದಿಲ್ಲಮ್ಮ ಎಂದು ಆಸ್ಪತ್ರೆಯ ಕಾಗದ ಓದಿದರು. ಬರ್ಮಾದಿಂದ ಬಂದ ಮೇಲೆ, ಚಿಕ್ಕಂದಿನಿಂದಲೂ ಕಿವುಡಾ ಎಂದು ಸೈನ್ಯದ ಡಾಕ್ಟರು ಕೇಳಿದಾಗ ಇವರೇ ಹೌದು ಅಂದಿದ್ದರಂತೆ.

ನನಗೆ ಆಗ ಹೊಳೆಯಿತು. ಇವರ ಚಾಳಿ ನೀನೂ ಕಂಡಿದ್ದೀಯ. ಕೇಳಿಸಲಿಲ್ಲ ಅನ್ನಲು ನಾಚಿಕೆ. ಸಾರು ಹಳಸಿದೆಯಾ ಎಂದರೂ ಹೂಂ, ಚೆನ್ನಾಗಿದೆಯಾ ಎಂದರೂ ಹೂಂ. ನಾನು ಎದ್ದು, "ಸ್ವಾಮಿ, ಏನ್ ಕೇಳಿದ್ರೂ ಇವ್ರು ಹೌದು ಅಂತಾರೆ. ಬೇಕಾದ್ರೆ ನೀವೇ ಕೇಳಿ ನೋಡಿ" ಅಂದೆ. ಅಧ್ಯಕ್ಷರು ಮೆಲ್ಲಗೆ, ಯುದ್ಧದಲ್ಲಿ ಹೆದರಿ ಓಡಿಹೋದೆಯಾ ಎಂದು ಕೇಳಿದರು. ಇವರು ಎದೆಯುಬ್ಬಿಸಿ ನಿಂತು, ಹೌದು ಸಾಹೇಬ್ ಅಂದರು.

ಗುಮಾಸ್ತ ಕಿಸಕ್ಕನೆ ನಕ್ಕ. ಅಧ್ಯಕ್ಷರು ನಗಲಿಲ್ಲ. ಸೈನ್ಯಕ್ಕೆ ಸೇರಿಸಿಕೊಂಡ ದಿನ ಕಿವಿ ಸರಿಯಿದೆ ಎಂದು ನಮ್ಮ ಡಾಕ್ಟರೇ ಬರೆದಿದ್ದಾರೆ, ಕೇಳಿಸದ ಪ್ರಶ್ನೆಗೆ ಕೊಟ್ಟ ಉತ್ತರದಿಂದ ಅದನ್ನು ಅಳಿಸಲಾಗದು ಎಂದು ತೀರ್ಪು ಬರೆಸಿದರು. ಆಮೇಲೆ ಎದ್ದು ಬಂದು ಇವರ ಕೈ ಕುಲುಕಿದರು.

ಬಸ್ಸಿನಲ್ಲಿ ಇವರು, ಅಧ್ಯಕ್ಷರು ನನ್ನನ್ನು ಏನು ಕೇಳಿದರು ಎಂದರು. ಗಾಯಗೊಂಡವರನ್ನು ಬೆನ್ನ ಮೇಲೆ ಹೊತ್ತು ತಂದವನು ನೀನೇನಾ ಅಂತ ಕೇಳಿದರು ಎಂದು ಕಿವಿಯಲ್ಲಿ ಕೂಗಿದೆ. ಹೊತ್ತು ತಂದದ್ದು ನಿಜ, ಕೇಳಿದ್ದು ಮಾತ್ರ ನಾನು ಕಟ್ಟಿದ್ದು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. ಈಗ ಇವರು ಊರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. ನೀನೂ ಹಾಗೇ ಹೇಳು.

ನಿನ್ನ ಅಕ್ಕ,
ಮುನಿಶಾಮಮ್ಮ

ತಾ.ಕ.: ಭಾರತಮ್ಮ, ಅಂಚೆಗೆ ಹಾಕೆಂದು ನನ್ನ ಕೈಗೆ ಕೊಟ್ಟ ಕಾಗದವನ್ನು ಬಿಡಿಸಿ ಓದಿಬಿಟ್ಟೆ. ತಪ್ಪೇ. ಓದಿದೆನೆಂದು ನಿನ್ನ ಅಕ್ಕನಿಗೆ ತಿಳಿಸಬೇಡ. ಇನ್ನೊಮ್ಮೆ ಅವಳ ಬಾಯಲ್ಲಿ ಕೇಳಬೇಕು ಅನ್ನಿಸಿ, ಈಗ ತಾನೇ ಒಳಗೆ ಹೋಗಿ, ಅಧ್ಯಕ್ಷರು ಏನು ಕೇಳಿದರೇ ಅಂದೆ. ಬಸ್ಸಿನಲ್ಲಿ ಹೇಳಿದ್ದನ್ನೇ ಮತ್ತೆ ಕೂಗಿ ಹೇಳಿದಳು. ಹೌದು ಎಂದು ತಲೆಯಾಡಿಸಿ ಬಂದೆ.

ನಿನ್ನ ಭಾವ,
ವೆಂಕಟರಾಯಪ್ಪ