ಕೊಟ್ಟಿಗೆಯ ಕೆಮ್ಮು

ಪುಟ್ಟೀ,

ಹಸು, ಹೊಲ, ಹೆಂಡತಿ, ಮಗಳು ಬಿಟ್ಟರೆ ನಿಮ್ಮಪ್ಪನಿಗೆ ಬೇರೆ ಲೋಕವಿರಲಿಲ್ಲ. ಅವನು ತೀರಿಕೊಂಡ ಮೇಲೆ ಕೆಂಪಿ ಹಸು ಹಾಲೇ ಇಳಿಸಲಿಲ್ಲ. ಕರೆಯಲು ಕೂರುವ ಮುಂಚೆ ನಮ್ಮಣ್ಣ ಕೆಮ್ಮುತ್ತಿದ್ದನಲ್ಲ, ಆ ಕೆಮ್ಮು ಕೇಳಲೇಬೇಕು ಅದಕ್ಕೆ. ನಾನು ಬಿಡುತ್ತೇನೆಯೇ? ಅವನ ಕಂಬಳಿ ಹೊದ್ದು, ಥೇಟ್ ಅವನಂತೆಯೇ ಕೆಮ್ಮಿದೆ. ಚೊಂಬು ತುಂಬಿತು! ನನ್ನ ಕಲೆಗೆ ಸಾಟಿಯೆಲ್ಲಿದೆ, ಹೇಳು. ಆದರೆ ನಿಮ್ಮಮ್ಮ ಕಾಫಿ ಹಿಡಿದು ಓಡಿಬಂದರು; ನನ್ನನ್ನು ಕಂಡು ಲೋಟ ಅಲ್ಲೇ ಇಟ್ಟು ಹೋದರು. ಅಂದೇ ಕೆಮ್ಮುವುದನ್ನು ಬಿಟ್ಟೆ.

ಇವತ್ತು ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿದ್ದಾಗ ಕೊಟ್ಟಿಗೆಯೊಳಗೆ ಅದೇ ಕೆಮ್ಮು ಕೇಳಿಸಿತು. ಹೋಗಿ ನೋಡಿದರೆ ಯಾರೂ ಇಲ್ಲ. ಕೆಂಪಿಯ ಕೆಚ್ಚಲಿನಿಂದ ಹಾಲು ತಾನಾಗಿಯೇ ಸೋರುತ್ತಿತ್ತು. ನಿಮ್ಮಮ್ಮ ಎರಡು ಲೋಟ ಕಾಫಿ ತಂದು, “ನಿಮ್ಮಣ್ಣಂಗೆ ಹೇಳು, ಆರೋಕ್ ಮುಂಚೆ ಕುಡೀಲಿ” ಎಂದರು.

ಬೇಗ ಬಾ. ನನಗೆ ಹೆದರಿಕೆಯೆಂದಲ್ಲ, ಹಾಲು ಹೆಚ್ಚಾಗಿದೆ.

ನಿನ್ನ ಚಿಕ್ಕಪ್ಪ